ಮೂವತ್ತೆರಡು ಚೀಟಿಗಳು

ಮಂಗಳೂರಿನಲ್ಲಿ ಜುಲೈ ಮಳೆ ಹಿಡಿದರೆ ಬಿಡುವುದಿಲ್ಲ. ಆ ಬುಧವಾರ ಬೆಳಿಗ್ಗೆ ಹಂಪನಕಟ್ಟೆಯ ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು. ಉಪ್ಪಿನಂಗಡಿ, ಬಂಟ್ವಾಳದ ಕಡೆಯಿಂದ ಬಸ್ಸಿನಲ್ಲಿ, ಕಾಸರಗೋಡಿನಿಂದ ರೈಲಿನಲ್ಲಿ ಬರುವ ಮಕ್ಕಳೆಲ್ಲ ಒದ್ದೆ ಬಟ್ಟೆಯಲ್ಲೇ ತರಗತಿಯಲ್ಲಿ ಕುಳಿತಿದ್ದರು. ಇಂಥ ಮಳೆಯಲ್ಲೂ ಮೂವತ್ತೆರಡು ಮಂದಿ ಬಂದರಲ್ಲ ಎಂದು ನನಗೆ ಸಂತೋಷವಾಯಿತು. ಹತ್ತು ನಿಮಿಷಗಳಲ್ಲಿ ಆ ಸಂತೋಷ ಇಳಿಯಿತು.

ಇಲ್ಲಿನ ಒಂದು ಕಾಲೇಜಿನಲ್ಲಿ ಪದವಿಯ ಮೊದಲ ವರ್ಷದವರಿಗೆ ನಾನು ಸಾಮಾಜಿಕ ಮನೋವಿಜ್ಞಾನ ಕಲಿಸುತ್ತೇನೆ. ವಾರಕ್ಕೊಮ್ಮೆ ಚರ್ಚಾ ತರಗತಿ. ಅಂದು ಬೆಂಚುಗಳನ್ನು ಗೋಡೆಗೆ ಸರಿಸಿ, ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕುತ್ತೇವೆ. ಈ ತರಗತಿಯಲ್ಲಿ ನಾನು ಏನನ್ನು ಬಯಸುತ್ತೇನೆ ಎಂಬುದನ್ನು ಮೊದಲ ವಾರವೇ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಹಂಚಿದ್ದೆ. ಓದಿಕೊಂಡು ಬರಬೇಕು. ಓದಿದ್ದರಿಂದ ಹುಟ್ಟಿದ ಒಂದು ಪ್ರಶ್ನೆಯನ್ನಾದರೂ ಬರೆದು ತರಬೇಕು. ವಿಚಾರವನ್ನು ಟೀಕಿಸಬಹುದು, ಆಡಿದವರನ್ನು ಅಲ್ಲ. ‘ನನಗೆ ಹಾಗನಿಸುತ್ತದೆ’ ಎಂಬಲ್ಲಿಗೆ ನಿಲ್ಲಿಸದೆ ಆಧಾರ ತೋರಿಸಬೇಕು. ಯಾರಾದರೂ ಸ್ವಂತ ಬದುಕಿನ ಮಾತು ಹೇಳಿದರೆ ಅದು ಕೋಣೆಯಿಂದ ಹೊರಗೆ ಹೋಗಬಾರದು. ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ಇದೆಲ್ಲ ಇಂಗ್ಲಿಷಿನಲ್ಲಿ ಇತ್ತು. ಅದರಲ್ಲಿ ಏನೂ ತಪ್ಪು ನನಗೆ ಕಂಡಿರಲಿಲ್ಲ.

ಅಂದಿನ ಓದು ಮನೋವಿಜ್ಞಾನಿ ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಗೆರೆಗಳ ಪ್ರಯೋಗ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಮೊದಲಿನದರಷ್ಟೇ ಉದ್ದ ಎಂದು ಜೋರಾಗಿ ಹೇಳಬೇಕು. ಮಗುವಿಗೂ ತಿಳಿಯುವ ಪ್ರಶ್ನೆ. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗ ಮಾಡುವವರ ಕಡೆಯವರು. ಹದಿನೆಂಟು ಸುತ್ತುಗಳಲ್ಲಿ ಹನ್ನೆರಡರಲ್ಲಿ ಅವರು ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಅವರ ನಂತರ ಬಾಯಿ ತೆರೆಯಬೇಕಾದ ಆ ಒಬ್ಬ ಏನು ಮಾಡುತ್ತಾನೆ? ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪನ್ನೇ ಹೇಳಿದರು. ಹೀಗೆ ಗುಂಪಿನೊಂದಿಗೆ ಹೋಗುವುದನ್ನು ಅನುಸರಣೆ ಎನ್ನುತ್ತಾರೆ. ಕಾಲು ಭಾಗದವರು ಒಮ್ಮೆಯೂ ಹೇಳಲಿಲ್ಲ. ಈ ಕಾಲು ಭಾಗವನ್ನು ಪಠ್ಯಪುಸ್ತಕಗಳು ಬೇಗ ದಾಟಿಬಿಡುತ್ತವೆ ಎಂಬುದು ನನ್ನ ಹಳೆಯ ಕೊರಗು.

“ಎಲ್ಲರೂ ಓದಿದ್ದೀರಾ?” ಎಲ್ಲರೂ ಕೈ ಎತ್ತಿದರು. “ಅರ್ಥವಾಯಿತೇ?” ಎಲ್ಲರೂ ತಲೆಯಾಡಿಸಿದರು. “ಹಾಗಾದರೆ ಪ್ರಶ್ನೆಗಳು?” ಮಳೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಕೊನೆಗೆ ಪ್ರತಿ ವಾರ ಮಾತನಾಡುವ ಇಬ್ಬರೇ ಮಾತನಾಡಿದರು, ಒಳ್ಳೆಯ ಇಂಗ್ಲಿಷಿನಲ್ಲಿ. ಅವರಲ್ಲೊಬ್ಬ, “ಇದರಲ್ಲಿ ಹೊಸತೇನಿದೆ, ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?” ಎಂದ. ಈ ವಿಷಯ ಕಲಿಯಲು ಬರುವ ಪ್ರತಿ ತಂಡದಲ್ಲೂ ಈ ಮಾತು ಬರುತ್ತದೆ. ‘ತಾಳಿದವನು ಬಾಳಿಯಾನು’ ಎಂದವರೂ ನಾವೇ, ‘ಗಾಳಿ ಬಂದಾಗ ತೂರಿಕೋ’ ಎಂದವರೂ ನಾವೇ. ಫಲಿತಾಂಶ ಯಾವ ಕಡೆ ಬಂದರೂ ಅದಕ್ಕೊಂದು ಗಾದೆ ಸಿದ್ಧವಿರುವಾಗ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಬೆಲೆಯಿಲ್ಲ. ಇಷ್ಟು ಹೇಳಿದೆ. ಅದಕ್ಕೂ ಎಲ್ಲರೂ ತಲೆಯಾಡಿಸಿದರು.

ಆ ತಲೆಯಾಟ ನೋಡುತ್ತಿದ್ದಾಗ ನನಗೆ ಕೈಯಲ್ಲಿದ್ದ ಓದಿನ ಪುಟಗಳೇ ನೆನಪಾದವು. ಉತ್ತರವನ್ನು ಜೋರಾಗಿ ಹೇಳುವ ಬದಲು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗ ಆಶ್ ಅವರ ಪ್ರಯೋಗದಲ್ಲಿ ತಪ್ಪುಗಳು ಬಹಳ ಕಡಿಮೆಯಾಗಿದ್ದವು. ನನ್ನ ಕೋಣೆಯಲ್ಲೂ ಅದೇ ನಡೆಯುತ್ತಿರಬಹುದಲ್ಲ! ತನಗೆ ಅರ್ಥವಾಗಿಲ್ಲ ಎಂದು ಪ್ರತಿಯೊಬ್ಬರಿಗೂ ಗೊತ್ತು. ಪಕ್ಕದವರು ಸುಮ್ಮನಿರುವುದನ್ನು ನೋಡಿ, ಅವರಿಗೆಲ್ಲ ಅರ್ಥವಾಗಿದೆ ಎಂದುಕೊಂಡು ತಾನೂ ಸುಮ್ಮನಾಗುತ್ತಾರೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಕೇಳುತ್ತಲೇ ಬೆಳೆದ ನಾವು ಮೇಷ್ಟ್ರಾದ ಮೇಲೂ ಅದನ್ನೇ ನಂಬಿ ಪಾಠ ಮುಗಿಸುತ್ತೇವೆ.

ನೋಟ್ ಪುಸ್ತಕದಿಂದ ಒಂದೊಂದು ಚೂರು ಹರಿದು, ಹೆಸರು ಹಾಕದೆ, ಅರ್ಥವಾಗದ ಒಂದು ಸಂಗತಿಯನ್ನು ಬರೆಯಲು ಹೇಳಿದೆ. ಯಾವ ಭಾಷೆಯಲ್ಲಾದರೂ ಸರಿ ಎಂದೂ ಸೇರಿಸಿದೆ. ಆಮೇಲೆ ಅವನ್ನು ಮೇಜಿನ ಮೇಲೆ ಹರಡಿ ಓದಿದೆ. ಅರ್ಧಕ್ಕಿಂತ ಹೆಚ್ಚು ಕನ್ನಡದಲ್ಲಿದ್ದವು. ಎರಡು ಮಲಯಾಳದಲ್ಲಿದ್ದವು, ಪಕ್ಕದವರಿಂದ ಓದಿಸಿಕೊಂಡೆ. ಖಾಲಿ ಚೀಟಿ ಒಂದೂ ಇರಲಿಲ್ಲ. ನೀಲಿ ಶಾಯಿಯ ಒಂದು ಚೀಟಿಯ ಅಂಚು ಒದ್ದೆ ಬೆರಳು ತಾಗಿ ಕದಡಿತ್ತು. ಅದರಲ್ಲಿ ಹೀಗಿತ್ತು: ‘ಮೂರು ಸಲ ಓದಿದ್ದೇನೆ. ಪ್ರಶ್ನೆ ಇದೆ. ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ.’

ಆ ಚೀಟಿಯನ್ನು ಎರಡು ಸಲ ಓದಿದೆ. ಎರಡನೆಯ ಸಲ ಕಣ್ಣು ಮಂಜಾಯಿತು. ಬರೆದವರು ಓದಿ ಬಂದಿದ್ದಾರೆ, ಪ್ರಶ್ನೆ ತಂದಿದ್ದಾರೆ. ಹಾಳೆಯಲ್ಲಿ ಕೇಳಿದ್ದೆಲ್ಲವನ್ನೂ ಮಾಡಿದ್ದಾರೆ. ಅವರಿಂದ ನಾನು ಏನು ಬಯಸುತ್ತೇನೆಂದು ಬರೆದಿದ್ದೆ. ಅವರು ನನ್ನಿಂದ ಏನನ್ನು ಬಯಸಬಹುದು ಎಂದು ಯೋಚಿಸಿರಲಿಲ್ಲ. ತರಬೇತಿಯ ದಿನಗಳಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಸಂಶೋಧನೆಯನ್ನು ಓದಿದ್ದೆ: ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೂ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರು ಮಾತನಾಡುತ್ತಾರೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವನು ನಾನು.

“ಇನ್ನು ಮುಂದೆ ಇಲ್ಲಿ ಕನ್ನಡದಲ್ಲಿ ಮಾತನಾಡಬಹುದು, ತುಳುವಿನಲ್ಲೂ ಮಾತನಾಡಬಹುದು. ತಿಳಿಯದವರಿಗೆ ತಿಳಿದವರು ಹೇಳುತ್ತಾರೆ. ನಾನು ಕಾಯುತ್ತೇನೆ” ಎಂದೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ವಾದಿಸುವ ತಾಳಮದ್ದಳೆಯ ಮಾತೂ ಬಂತು. ಮಳೆಗಾಲದಲ್ಲಿ ನಮ್ಮೂರ ದೇವಸ್ಥಾನದಲ್ಲಿ ರಾಮ, ವಾಲಿಯರ ವಾದ ಕೇಳಲು ಅಪ್ಪ ನನ್ನನ್ನು ಕರೆದೊಯ್ಯುತ್ತಿದ್ದರು. ಪ್ರಸಂಗ ಓದದೆ ಬಂದ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತನಾಡುವವನು, ಎರಡು ಪದ್ಯಗಳೊಳಗೆ ಸಿಕ್ಕಿಬೀಳುತ್ತಾನೆ. ಎದುರಿನವನ ಮಾತನ್ನು ಪೂರ್ತಿ ಕೇಳದೆ, ತಾನು ಸಿದ್ಧಪಡಿಸಿ ತಂದದ್ದನ್ನೇ ಒಪ್ಪಿಸುವವನನ್ನು ಸಭೆ ಮೆಚ್ಚುವುದಿಲ್ಲ. ವಾಲಿಯ ಪ್ರಶ್ನೆ ಗಟ್ಟಿಯಾದಷ್ಟೂ ರಾಮನ ಅರ್ಥ ಬೆಳೆಯುತ್ತದೆ. ಚರ್ಚೆ ಎಂದರೆ ನನಗೆ ಇಂದಿಗೂ ಅದೇ ಮಾದರಿ.

ಕಾದೆ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಕೈ ಎತ್ತಿದಳು. ಅವಳ ತೋರುಬೆರಳಿನ ತುದಿ ನೀಲಿಯಾಗಿತ್ತು.

“ಸರ್, ಪ್ರಯೋಗದಲ್ಲಿ ಇದ್ದವರು ಅಪರಿಚಿತರು. ನಮ್ಮ ಮನೆಯಲ್ಲಿ ದೊಡ್ಡಪ್ಪ ಏನಾದರೂ ಹೇಳಿದರೆ ಅದು ತಪ್ಪು ಎಂದು ನನಗೆ ಗೊತ್ತಿರುತ್ತದೆ. ಹೆದರಿಕೆಯೂ ಇಲ್ಲ. ಆದರೂ ಹೂಂ ಅನ್ನುತ್ತೇನೆ. ಅದು ಯಾವ ಲೆಕ್ಕಕ್ಕೆ ಸೇರುತ್ತದೆ?”

“ಅದು ಗೌರವ, ಅನುಸರಣೆ ಅಲ್ಲ” ಎಂದನೊಬ್ಬ. ಇನ್ನೊಬ್ಬಳು ತುಳುವಿನಲ್ಲಿ, ನೋಡುವವರಿಗೆ ಎರಡೂ ಒಂದೇ ‘ಹೂಂ’ ತಾನೇ ಎಂದಳು. ಓದಿನಲ್ಲಿ ಇದಕ್ಕೆ ಆಧಾರ ಎಲ್ಲಿದೆ ಎಂದು ಕೇಳಿದೆ. ಪುಟ ಮಗುಚುವ ಸದ್ದು. ಆ ವರ್ಷ ಅಂಥ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಸರಗೋಡಿನ ಹುಡುಗ ಒಂದು ಭಾಗವನ್ನು ಓದಿದ. ಪ್ರಯೋಗ ಮುಗಿದ ಮೇಲೆ ಮಾತನಾಡಿಸಿದಾಗ ಕೆಲವರು ತಮ್ಮ ಕಣ್ಣನ್ನೇ ಸಂಶಯಿಸಿದೆವು ಎಂದಿದ್ದರು. ಕೆಲವರು ಗೊತ್ತಿದ್ದೂ ಬೇರೆಯಾಗಿ ನಿಲ್ಲಲು ಮನಸ್ಸಾಗದೆ ಗುಂಪಿನೊಂದಿಗೆ ಹೋದೆವು ಎಂದಿದ್ದರು. ಬಾಯಿಯ ಒಪ್ಪಿಗೆ ಬೇರೆ, ಮನಸ್ಸಿನ ಒಪ್ಪಿಗೆ ಬೇರೆ. ದೊಡ್ಡಪ್ಪನಿಗೆ ಹೇಳುವ ‘ಹೂಂ’ ಮೊದಲನೆಯದು ಎಂದು ಅವರೇ ತೀರ್ಮಾನಿಸಿದರು.

ಆಶ್ ಅವರ ಪ್ರಯೋಗದಲ್ಲಿ ಭಾಗವಹಿಸಿದವರೆಲ್ಲ ಅಮೆರಿಕದ ಕಾಲೇಜು ಹುಡುಗರು ಎಂಬುದನ್ನು ನಾನು ನೆನಪಿಸಿದೆ. 1996ರಲ್ಲಿ ಬಾಂಡ್ ಮತ್ತು ಸ್ಮಿತ್ ಎಂಬ ಸಂಶೋಧಕರು 17 ದೇಶಗಳಲ್ಲಿ ನಡೆದ ಇಂಥ 133 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕುಟುಂಬಕ್ಕೆ, ಸಮುದಾಯಕ್ಕೆ ಹೆಚ್ಚು ಮಹತ್ವ ಕೊಡುವ ಸಮಾಜಗಳಲ್ಲಿ ಅನುಸರಣೆ ಹೆಚ್ಚು ಎಂದು ಕಂಡುಕೊಂಡದ್ದನ್ನೂ ಹೇಳಿದೆ. ಕಿಟಕಿ ಪಕ್ಕದ ಹುಡುಗಿ ಮತ್ತೆ ಕೈ ಎತ್ತಿದಳು. “ಅದು ದೇಶದ ಸರಾಸರಿ, ಸರ್. ನನ್ನ ತಂಗಿಯೂ ಅದೇ ಮನೆಯವಳು. ಅವಳು ದೊಡ್ಡಪ್ಪನಿಗೆ ಎದುರುತ್ತರ ಕೊಡುತ್ತಾಳೆ.” ಎಲ್ಲರೂ ನಕ್ಕರು. ನಾನು ಆ ಮಾತನ್ನು ಬೋರ್ಡಿನ ಮೇಲೆ ಬರೆದೆ.

ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದರೆ ಸಾಕು, ತಪ್ಪುಗಳು ನಾಲ್ಕನೇ ಒಂದರಷ್ಟಕ್ಕೆ ಇಳಿಯುತ್ತವೆ ಎಂಬ ಭಾಗಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಅಷ್ಟರಲ್ಲಿ ಹದಿನೇಳು ಮಂದಿ ಮಾತನಾಡಿದ್ದರು. ಆ ಭಾಗವನ್ನು ನಾನು ವಿವರಿಸಲಿಲ್ಲ.

ಆ ರಾತ್ರಿ ಕುಳಿತು ಹಾಳೆಯನ್ನು ಕನ್ನಡದಲ್ಲಿ ಮತ್ತೆ ಬರೆದೆ, ಎಡಗಡೆಗೆ ಅವರಿಂದ ನಾನು ಬಯಸುವುದು, ಬಲಗಡೆಗೆ ನನ್ನಿಂದ ಅವರು ಬಯಸಬಹುದಾದದ್ದು. ಕೊನೆಯ ಸಾಲನ್ನು ಖಾಲಿ ಬಿಟ್ಟು, ಮುಂದಿನ ಬುಧವಾರ ಅವರೇ ತುಂಬಲಿ ಎಂದು ಕೊಟ್ಟೆ. ಅವರು ಕಾಲು ಗಂಟೆ ಚರ್ಚಿಸಿ ಬರೆದದ್ದು ಇದು: ‘ಒಬ್ಬರು ಮಾತಿಗಾಗಿ ತಡಕಾಡುತ್ತಿರುವಾಗ ಉಳಿದವರು ಮೊಬೈಲ್ ನೋಡಬಾರದು; ಅವರ ವಾಕ್ಯವನ್ನು ತಾವು ಮುಗಿಸಲೂ ಬಾರದು.’