ಕುಮಟಾದ ನೀರುಳ್ಳಿ, ಕಾರವಾರದ ಬೇಲಿ

ಏಪ್ರಿಲ್ ಬಂತೆಂದರೆ ಕುಮಟಾ ಆಸುಪಾಸಿನ ಹೆದ್ದಾರಿಯಲ್ಲಿ ನೀರುಳ್ಳಿ ಅಂಗಡಿಗಳು ಶುರು. ಅಂಗಡಿ ಅಂದರೆ ನಾಲ್ಕು ಕಂಬ, ಮೇಲೊಂದು ತೆಂಗಿನ ಗರಿಯ ಚಪ್ಪರ, ಅಡ್ಡಕ್ಕೆ ಕಟ್ಟಿದ ಗಳದಲ್ಲಿ ಸಾಲಾಗಿ ತೂಗುವ ಗೊಂಚಲು. ಅಳ್ವೆಕೋಡಿ, ಹಂದಿಗೋಣದ ಕಡೆ ಹೋದವರಿಗೆಲ್ಲ ಈ ನೋಟ ಗೊತ್ತು. ನಾವು ಕಾರು ನಿಲ್ಲಿಸಿದ ಅಂಗಡಿಯಲ್ಲಿ ಒಬ್ಬ ಅಜ್ಜಿ ಗೊಂಚಲು ಕಟ್ಟುತ್ತಾ ಕೂತಿದ್ದರು. ಒಣಗಿದ ಎಲೆಯನ್ನು ಕೀಳದೆ ಹಾಗೇ ಬಿಟ್ಟು, ಅದಕ್ಕೆ ಹುಲ್ಲು ಸೇರಿಸಿ ಜಡೆಯಂತೆ ಹೆಣೆಯುತ್ತಾರೆ. ತಕ್ಕಡಿ ಇಲ್ಲ. ಗೊಂಚಲಿಗೆ ಇಷ್ಟು ಅಂತ ರೇಟು.

"ಹಸಿಯೇ ತಿಂದು ನೋಡಿ, ಕಣ್ಣಲ್ಲಿ ನೀರು ಬಂದ್ರೆ ದುಡ್ಡು ಬೇಡ" ಅಂದರು. ತಿಂದೆವು. ನೀರು ಬರಲಿಲ್ಲ, ದುಡ್ಡು ಕೊಟ್ಟೆವು.

ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ನೀರುಳ್ಳಿ. ಭತ್ತ ಮನೆಗೆ, ನೀರುಳ್ಳಿ ಕೈಗೆ. ಇವರ ಲೆಕ್ಕ ಇಷ್ಟೇ. ಬೆಳೆದವರೇ ರಸ್ತೆ ಬದಿಗೆ ತಂದು ಮಾರುವುದರಿಂದ ನಡುವೆ ದಲ್ಲಾಳಿ ಇಲ್ಲ. ನಾವು ಕೊಟ್ಟ ದುಡ್ಡು ಪೂರ್ತಿ ಅಜ್ಜಿಯ ಸೆರಗಿನ ಗಂಟಿಗೆ ಹೋಯಿತು. ಆದರೆ ಹೆದ್ದಾರಿ ನಾಲ್ಕು ಪಥವಾದ ಮೇಲೆ ಗಾಡಿಗಳು ಮೊದಲಿನಂತೆ ನಿಲ್ಲುತ್ತಿಲ್ಲವಂತೆ. "ರಸ್ತೆ ಚಲೋ ಆಯ್ತು, ನಿಲ್ಲೋರು ಕಮ್ಮಿ ಆದ್ರು" ಅಂದರು. ಬೆಂಗಳೂರಿನಿಂದ ಗೋವಾಕ್ಕೆ ಹೋಗುವವನಿಗೆ ಉಳಿದ ಅರ್ಧ ಗಂಟೆ, ಇವರಿಗೆ ಅರ್ಧ ವ್ಯಾಪಾರ. ಅಲ್ಲಿಂದ ಕಾರವಾರದವರೆಗೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಉತ್ತರ ಕನ್ನಡಕ್ಕೆ ದುಡ್ಡು ಬರುತ್ತಿರುವುದು ಕಣ್ಣಿಗೆ ಕಾಣುತ್ತದೆ. ಬಂದ ದುಡ್ಡು ನಿಲ್ಲುವುದು ಎಲ್ಲಿ?

ಜಿಲ್ಲೆ ದೊಡ್ಡದು, ಹತ್ತು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಆದರೆ ನೂರಕ್ಕೆ ಎಂಬತ್ತರಷ್ಟು ಕಾಡು. 2011ರ ಜನಗಣತಿಯ ಲೆಕ್ಕದಲ್ಲಿ 14 ಲಕ್ಷ ಚಿಲ್ಲರೆ ಜನ. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಗುವ ಕಿರಿದಾದ ಪಟ್ಟಿಯಲ್ಲೇ ಗದ್ದೆ, ಊರು, ದೇವಸ್ಥಾನ, ಕೊಂಕಣ ರೈಲು, ಹೆದ್ದಾರಿ, ರೆಸಾರ್ಟು ಎಲ್ಲವೂ. ಹೊಸದಾಗಿ ಏನೇ ಬಂದರೂ ಇದ್ದ ಯಾವುದೋ ಒಂದು ಎದ್ದು ಜಾಗ ಬಿಡಬೇಕು. ಘಟ್ಟದ ಮೇಲಿನ ಅಡಿಕೆಯ ಕಥೆಯೇ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕುಮಟಾದಿಂದ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಹೋದೆವು. ನದಿಯ ಹೆಸರೇ ಊರಿಗೂ. ಸಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ನದಿ ಇದು. ಪಕ್ಕದ ಶರಾವತಿ, ಕಾಳಿಗೆ ಈ ಭಾಗ್ಯ ಇಲ್ಲ. ಆಚೆ ದಡದ ತದಡಿಗೆ ದೋಣಿಯಲ್ಲಿ ಹೋಗಬೇಕು, ಸ್ಕೂಟರನ್ನೂ ಹತ್ತಿಸಿಕೊಳ್ಳುತ್ತಾರೆ. ಇಳಿತದ ಹೊತ್ತು. ನದಿಯ ನಡುವೆಯೇ ಸೊಂಟದುದ್ದ ನೀರಲ್ಲಿ ಜನ ನಿಂತಿದ್ದರು. ಕಾಲಿನಲ್ಲಿ ತಡಕಿ, ಕೈಯಲ್ಲಿ ಬಾಚಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಬೆಳಚು ಹಾಕುತ್ತಿದ್ದರು. ಬೆಳಚು ಅಂದರೆ ಚಿಪ್ಪಿನೊಳಗಿನ ಮೃದು ಮಾಂಸದ ಜೀವಿ, ಕರಾವಳಿಯವರಿಗೆ ಪಂಚಪ್ರಾಣ. ಇದಕ್ಕೆ ಬಂಡವಾಳ ಎರಡು ಕೈ, ಒಂದು ಪಾತ್ರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಹಾಕಿದ ಲೆಕ್ಕದಲ್ಲಿ ಈ ಅಳಿವೆಯಿಂದ, ಅಂದರೆ ನದಿ ಸಮುದ್ರ ಸೇರುವ ಜಾಗದಿಂದ, ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ಸಿಗುತ್ತಿತ್ತು. ಬೆಲೆ 5.8 ಕೋಟಿ ರೂಪಾಯಿಯ ಹತ್ತಿರ. ಬದುಕುತ್ತಿದ್ದವರು ಎರಡು ಸಾವಿರಕ್ಕೂ ಹೆಚ್ಚು. ಯಾವ ಕಾರ್ಖಾನೆಯ ಬೋರ್ಡೂ ಇಲ್ಲದ ಕಾರ್ಖಾನೆ ಅನ್ನಿ. ಈಚೆಗೆ ಸಿಗುವುದು ಕಡಿಮೆಯಾಗಿದೆ ಎಂದು ದೋಣಿಯಣ್ಣ ಹೇಳಿದರು. ಮರಳು ತೆಗೆದದ್ದಕ್ಕೋ, ಮಳೆ ಹೆಚ್ಚುಕಮ್ಮಿ ಆದದ್ದಕ್ಕೋ ಎಂದು ಅವರವರಲ್ಲೇ ವಾದ ಇದೆಯಂತೆ.

ಇದೇ ತದಡಿಗೆ ಹಿಂದೊಮ್ಮೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು. ಜನ ಎದ್ದು ನಿಂತರು, ಯೋಜನೆ ಹೋಯಿತು. ಆಮೇಲೆ ಬಂದರಿನ ಮಾತು ಬಂತು. ಈಗ ಘಟ್ಟದ ಮೇಲೆ ಅಘನಾಶಿನಿಯ ನೀರನ್ನು ಒಳನಾಡಿನ ವೇದಾವತಿ ನದಿಗೆ ತಿರುಗಿಸುವ ಮಾತು. ಇದರ ನಡುವೆ 2024ರ ಆರಂಭದಲ್ಲಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಒಂದು ಕೈಯಲ್ಲಿ ಪ್ರಶಸ್ತಿ, ಇನ್ನೊಂದು ಕೈಯಲ್ಲಿ ಪೈಪು!

ಅಳಿವೆಯ ಅಂಚಿನಲ್ಲಿ ಗಜನಿ ಭೂಮಿ ಇದೆ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆ. ಇದನ್ನು ನೋಡದೆ ಹೋಗಬೇಡಿ. ನಾವು ಮಾಣಿಕಟ್ಟಾ ಹತ್ತಿರ ನೋಡಿದಾಗ ಬರೀ ಉಪ್ಪುನೀರು ನಿಂತಿತ್ತು, ಮೇಲೆ ಬೆಳ್ಳಕ್ಕಿ ಹಿಂಡು. ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಇಲ್ಲಿ ಕಗ್ಗ ಭತ್ತದ ಮೊಳಕೆ ಎರಚುತ್ತಾರೆ. ಉಪ್ಪನ್ನು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಕೊಳೆಯುವುದಿಲ್ಲ, ಆಳೆತ್ತರ ಬೆಳೆಯುತ್ತದೆ. ಗೊಬ್ಬರ, ಔಷಧಿ ಯಾವುದೂ ಬೇಡ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆಗೆದು ಉಬ್ಬರದ ನೀರು ಬಿಟ್ಟರೆ ಆ ಹುಲ್ಲು ಮೀನು, ಸಿಗಡಿಗೆ ಮೇವು. ಒಂದೇ ಗದ್ದೆ, ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಮೀನು.

ಇಷ್ಟು ಚೆಂದದ ಪದ್ಧತಿ ಯಾಕೆ ಸೊರಗಿತು ಅಂತ ಅಲ್ಲಿನ ಹಿರಿಯರೊಬ್ಬರನ್ನು ಕೇಳಿದೆ. ಅವರು ಒಡ್ಡಿನ ಕಡೆ ಕೈ ತೋರಿಸಿದರು. "ಒಡ್ಡು ಒಂದೇ, ಗದ್ದೆ ನೂರು ಜನರದ್ದು. ಬಿತ್ತುದಾದ್ರೆ ಎಲ್ಲರೂ ಒಟ್ಟಿಗೇ ಬಿತ್ತಬೇಕು ಮಾರಾಯ್ರೆ. ನಾನೊಬ್ಬನೇ ಬಿತ್ತಿದ್ರೆ ಹಕ್ಕಿಗೆ ಊಟ ಹಾಕಿದ ಹಾಗೆ." ಮೊದಲು ಊರವರೇ ಸೇರಿ ಮಣ್ಣಿನ ಒಡ್ಡು ಕಟ್ಟಿ ಕಾಯುತ್ತಿದ್ದರು. ಆಮೇಲೆ ಸರ್ಕಾರ ಉಪ್ಪುನೀರು ತಡೆಯಲು ಕಲ್ಲಿನ ಖಾರ್‌ಲ್ಯಾಂಡ್ ಒಡ್ಡು ಕಟ್ಟಿಸಿತು, ದುರಸ್ತಿಗೆ ಅರ್ಜಿ ಹಿಡಿದು ಓಡಾಡುವ ಕಾಲ ಬಂತು. 1990ರ ದಶಕದಲ್ಲಿ ಸಿಗಡಿ ಸಾಕಣೆಯವರು ಗುತ್ತಿಗೆಗೆ ಒಳ್ಳೆ ದುಡ್ಡು ಕೊಟ್ಟರು. ರೋಗ ಬಂದು ಸಿಗಡಿ ಸತ್ತಾಗ ಅವರು ಎದ್ದು ಹೋದರು. ಅಷ್ಟರಲ್ಲಿ ಅರ್ಧ ಮನೆಗಳ ಮಕ್ಕಳು ಮುಂಬೈ, ಬೆಂಗಳೂರು ಸೇರಿದ್ದರು. ಕಗ್ಗ ಅಕ್ಕಿಗೆ ಪೇಟೆಯಲ್ಲಿ ಬೇಡಿಕೆ ಇಲ್ಲ ಅಂತಲ್ಲ. ಬೇಡಿಕೆ ಇದೆ ಎಂದು ಒಬ್ಬರೇ ಬೆಳೆಯುವ ಬೆಳೆ ಇದಲ್ಲ. "ಬ್ರ್ಯಾಂಡ್ ಮಾಡಿ, ಮಾರಿ" ಎಂದು ಭಾಷಣ ಮಾಡುವವರು ಈ ಒಡ್ಡಿನ ಮೇಲೆ ಒಮ್ಮೆ ನಡೆದು ಬರಲಿ ಅನ್ನಿಸಿತು.

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾ. ಉಪ್ಪಿನ ಆಗರದಲ್ಲಿ ಬಿಸಿಲು ಕಣ್ಣು ಬಿಡಲು ಬಿಡುವುದಿಲ್ಲ. ಉಬ್ಬರದ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಗಟ್ಟಿ ಮಾಡಿ, ಕೊನೆಯ ಪಾತಿಯಲ್ಲಿ ಹರಳು ಎಳೆದು ರಾಶಿ ಹಾಕುತ್ತಾರೆ. ಆಗರದ ಮಾಲೀಕರದ್ದೇ ಸಹಕಾರಿ ಸಂಘ ಇದೆ. ಉಪ್ಪಿನಕಾಯಿಗೆ ಈ ಉಪ್ಪೇ ಆಗಬೇಕು ಎನ್ನುವ ಮನೆಗಳು ಜಿಲ್ಲೆಯಲ್ಲಿ ಇನ್ನೂ ಇವೆ. ನಾವೂ ಒಂದಷ್ಟು ತಂದೆವು, ಸೊಗಸಾಗಿದೆ.

ಗೋಕರ್ಣದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಓಂ ಬೀಚು, ಕುಡ್ಲೆ, ಮಹಾಬಲೇಶ್ವರ, ಸೂರ್ಯಾಸ್ತ. ನನಗೆ ಕಂಡದ್ದು ಬೇರೆ. ನಾವು ಉಳಿದ ಮನೆಯ ಅಕ್ಕ ಹೇಳಿದ ಪ್ರಕಾರ, ಮೊದಲು ವಿದೇಶದವರು ಬಂದರೆ ತಿಂಗಳುಗಟ್ಟಲೆ ಇರುತ್ತಿದ್ದರು. ಬಾಡಿಗೆ ಕಡಿಮೆ, ಆದರೆ ಅದು ಮೀನುಗಾರರ ಮನೆಗೇ ಹೋಗುತ್ತಿತ್ತು. ತರಕಾರಿ ತರುತ್ತಿದ್ದುದು ಬೀದಿಯಲ್ಲಿ ಕೂತ ಇಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸರಿಂದ, ಸೈಕಲ್ ರಿಪೇರಿ ಇಲ್ಲಿನ ಹುಡುಗನಿಂದ. ಈಗ ವಾರಾಂತ್ಯದ ಜನ ಹತ್ತುಪಟ್ಟು ಖರ್ಚು ಮಾಡುತ್ತಾರೆ. ರೂಮು, ಊಟ, ಬೋಟಿಂಗ್ ಎಲ್ಲ ಮೊಬೈಲಲ್ಲೇ ಬುಕ್ ಆಗಿರುತ್ತದೆ. ಒಂದು ಪಾಲು ಆ್ಯಪಿನವರಿಗೆ, ದೊಡ್ಡ ಪಾಲು ಹೊರಗಿನಿಂದ ಬಂದು ಜಾಗ ಕೊಂಡವರಿಗೆ. ಊರಿಗೆ ಉಳಿಯುವುದು ಸಂಬಳದ ಕೆಲಸ ಮತ್ತು ಸೋಮವಾರದ ಕಸ. ಗುಂಟೆ ಲೆಕ್ಕದಲ್ಲಿ ಜಾಗ ಮಾರಿದವರಲ್ಲಿ ಕೆಲವರು ತಮ್ಮದೇ ಹಳೆಯ ಜಾಗದ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದಾರಂತೆ. ಅಕ್ಕ ಇದನ್ನು ನಗುತ್ತಲೇ ಹೇಳಿದರು. ಹಾಗಂತ ಪ್ರವಾಸೋದ್ಯಮ ಬೇಡ ಅನ್ನಲಾರೆ. ಅದೇ ಅಕ್ಕ ರೂಮಿನ ಬಾಡಿಗೆಯಿಂದಲೇ ಮಗಳನ್ನು ನರ್ಸಿಂಗ್ ಓದಿಸಿದ್ದಾರೆ. ಮನೆ ಅವರ ಹೆಸರಲ್ಲೇ ಇದೆ. ವ್ಯತ್ಯಾಸ ಇರುವುದೇ ಅಲ್ಲಿ.

ಅಂಕೋಲೆಗೆ ಹೋಗುವಾಗ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬವನ್ನೂ ಲಾರಿಯವರನ್ನೂ ಎಳೆದುಕೊಂಡು ಗಂಗಾವಳಿ ನದಿಗೆ ಹೋಯಿತು. ಡ್ರೈವರ್ ಸಮೇತ ಕಾಣೆಯಾದ ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ನಮ್ಮ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕಾರವಾರದ ಕಾಳಿ ಹಳೆ ಸೇತುವೆಯೂ ಬಿತ್ತು. ರಸ್ತೆ ಅಗಲವಾದಷ್ಟೂ ಊರು ಮುಂದುವರಿಯಿತು ಎಂದು ಲೆಕ್ಕ ಹಾಕುವವರು ಈ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಅಂಕೋಲೆಯಲ್ಲಿ ಎರಡು ಮಾತು. ಒಂದು ಕರಿ ಈಶಾಡು ಮಾವಿನದು. 2023ರಲ್ಲಿ ಜಿಐ, ಅಂದರೆ ಈ ಊರಿನದ್ದೇ ಬೆಳೆ ಎನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ತೆಳು ಸಿಪ್ಪೆ, ದೂರದ ಪ್ರಯಾಣ ತಡೆಯುವುದಿಲ್ಲ, ಹಾಗಾಗಿ ತಿನ್ನಬೇಕಾದರೆ ಇಲ್ಲಿಗೇ ಬರಬೇಕು. ಇನ್ನೊಂದು ಕೇಣಿ ಬಂದರಿನದು. ಸುಮಾರು 4,100 ಕೋಟಿಯ ಯೋಜನೆ, ಖಾಸಗಿಯವರಿಗೆ 2023ರಲ್ಲಿ ವಹಿಸಿದ್ದು. 2025ರಲ್ಲಿ ಮೀನುಗಾರರು ಬೀದಿಗಿಳಿದರು. ಜೊತೆಗಿದ್ದ ಗೆಳೆಯ ಅಂಕೋಲೆಯವನೇ, ಕೆಲಸ ಬೆಂಗಳೂರಿನಲ್ಲಿ. "ಬಂದರು ಬಂದ್ರೆ ನಮ್ಮೂರಲ್ಲೇ ಕೆಲಸ ಸಿಗ್ತಿತ್ತು" ಅಂದ. ಅವನ ಚಿಕ್ಕಪ್ಪ ಒಪ್ಪಲಿಲ್ಲ. "ನಿನಗೆ ಕ್ರೇನ್ ನಡೆಸೂಕೆ ಬರ್ತದಾ? ನನಗೆ ಬಲೆ ಬಿಡೂಕೆ ಬರ್ತದೆ." ಊಟದ ಎಲೆ ತೆಗೆಯುವವರೆಗೂ ಜಗಳ ಮುಗಿಯಲಿಲ್ಲ.

ಚಿಕ್ಕಪ್ಪನ ಅನುಮಾನಕ್ಕೆ ಕಾರಣ ಕಾರವಾರದ ದಾರಿಯಲ್ಲಿ ಉದ್ದಕ್ಕೂ ಕಾಣುತ್ತದೆ. ಅರಗಾದ ಬಳಿ ಸಮುದ್ರಕ್ಕೂ ನಮಗೂ ನಡುವೆ ಬೇಲಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್ಎಸ್ ಕದಂಬ ಎಂಬ ಹೆಸರಿನಲ್ಲಿ ಅದು ಕೆಲಸ ಶುರು ಮಾಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟು ಎದ್ದವು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಒಳನಾಡಿನಲ್ಲಿ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು, ಪಕ್ಕದಲ್ಲೇ 880 ಮೆಗಾವಾಟಿನ ಕೈಗಾ ಅಣುವಿದ್ಯುತ್ ಸ್ಥಾವರ. ದೇಶಕ್ಕೆ ಇದೆಲ್ಲ ಬೇಕು, ನಾನು ಜಗಳಕ್ಕೆ ಬರುವುದಿಲ್ಲ. ಕಾರವಾರದ ಪೇಟೆಗೆ ನೌಕಾಪಡೆಯಿಂದ ವ್ಯಾಪಾರವೂ ಆಗಿದೆ. ಆದರೆ ಇಷ್ಟೆಲ್ಲ ಕೊಟ್ಟ ಜಿಲ್ಲೆಯವರು ಇವತ್ತಿಗೂ ಹೃದಯಕ್ಕೋ ತಲೆಗೋ ಏಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ವರ್ಷಗಳಿಂದ ಕೂಗುತ್ತಿದ್ದಾರೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಅದಕ್ಕಿಂತ ಹಳೆಯದು. ಅದು ಕಾಡಿನ ನಡುವೆಯೇ ಹೋಗಬೇಕು, ಹಾಗಾಗಿ ಗೋಜಲು ಬಿಡಿಸುವುದು ಸುಲಭವಲ್ಲ. ಆಸ್ಪತ್ರೆಗೆ ಆ ನೆಪವೂ ಇಲ್ಲ.

ನನಗೆ ಕೇಳಿದರೆ, ಈ ಜಿಲ್ಲೆಗೆ ಮೊದಲು ಬೇಕಾದದ್ದು ಆಸ್ಪತ್ರೆ, ಗಜನಿ ಒಡ್ಡಿನ ದುರಸ್ತಿ, ಹೆದ್ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಲು ಒಂದಿಷ್ಟು ಜಾಗ. ಬಂದರಿನ ಜಗಳ ಆಮೇಲೂ ಆಡಬಹುದು.

ಹೋಗುವವರಿಗೆ ಒಂದಿಷ್ಟು ಮಾಹಿತಿ. ನೀರುಳ್ಳಿ ಬೇಕಿದ್ದರೆ ಬೇಸಿಗೆಯಲ್ಲೇ ಹೋಗಿ, ಮಳೆ ಶುರುವಾದರೆ ಚಪ್ಪರಗಳು ಇರುವುದಿಲ್ಲ. ಕರಿ ಈಶಾಡು ಮೇ ತಿಂಗಳಲ್ಲಿ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ, ಮೀನಿನೂಟಕ್ಕೆ ಆಸೆಪಟ್ಟು ಹೋಗಬೇಡಿ. ಕಗ್ಗದ ಹಸಿರು ನೋಡಬೇಕೆಂದರೆ ಮಳೆಗಾಲದಲ್ಲೇ. ಗೋಕರ್ಣದಲ್ಲಿ ಆ್ಯಪು ಬದಿಗಿಟ್ಟು ಬೀದಿಯಲ್ಲೇ ಕೇಳಿ, ಮನೆ ರೂಮುಗಳು ಸಿಗುತ್ತವೆ. ನೀರುಳ್ಳಿ ಗೊಂಚಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಅಡುಗೆಮನೆಯಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದರೆ ಮಳೆಗಾಲ ಪೂರ್ತಿ ಬರುತ್ತದೆ.