ಘಾಟ್‌ನಾಗ ಗಾಡಿ ಜಗ್ಗವಲ್ದು, ಎಂಜಿನ್ ಬಿಚ್ಚಿಸಲೇನ್ರಿ?

ಹಳೇ ಟ್ರಾವೆಲರ್ ವ್ಯಾನ್ ಕೊಂಡು, ಒಳಗೆ ಹಾಸಿಗೆ, ಒಲೆ, ಸಿಂಕ್ ಕೂರಿಸಿಕೊಂಡು ಊರೂರು ತಿರುಗುವ ಕನ್ನಡದ ಮಂದಿ ಪುಣೆಯಲ್ಲಿ ನನಗೆ ಗೊತ್ತಿರುವವರೇ ಒಂದಷ್ಟು ಜನ ಇದ್ದಾರೆ. ನಾನೂ ಅಂಥದ್ದೊಂದು ಕ್ಯಾಂಪರ್ ಇಟ್ಟುಕೊಂಡು ಏಳು ವರ್ಷವಾಯಿತು. ಹಾಗಾಗಿ ಗಾಡಿ ಕೈಕೊಟ್ಟಾಗ ಫೋನು ನನಗೆ ಬರುತ್ತದೆ. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: "ಅಣ್ಣಾರ, ಸಪಾಟ ರಸ್ತೆದಾಗ ಛಲೋ ಓಡತೈತಿ, ಘಾಟ್‌ನಾಗ ಜಗ್ಗವಲ್ದು. ಗ್ಯಾರೇಜಿನಾಂವ ಎಂಜಿನ್ ಬಿಚ್ಚಬೇಕು ಅಂತಾನ. ಬಿಚ್ಚಿಸಲೇನ್ರಿ?"

ಈಗಲೇ ಬೇಡ. ಮೊದಲು ಹೊಗೆ ನೋಡಿ.

ಏರಿನಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿ. ಹಿಂದೆ ಇನ್ನೊಂದು ಗಾಡಿಯಲ್ಲಿ ಗೆಳೆಯರೊಬ್ಬರು ಬರುತ್ತಾ ಸೈಲೆನ್ಸರ್ ನೋಡಲಿ. ಶಕ್ತಿಯೂ ಇಲ್ಲ, ಕಪ್ಪು ಹೊಗೆ ಮಾತ್ರ ದಟ್ಟವಾಗಿ ಬರುತ್ತಿದೆ ಎಂದರೆ ಡೀಸೆಲ್ ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಮಳೆಗಾಲ ಪೂರ್ತಿ ನಿಂತ ಗಾಡಿಯಾದರೆ ಇಲಿ ಗೂಡು ಕಟ್ಟಿರುವುದೂ ಉಂಟು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದರೆ ಅದರಿಂದ ಎಂಜಿನ್‌ವರೆಗಿನ ಹೋಸ್ ಪೈಪುಗಳ ತಳಭಾಗಕ್ಕೆ ಕೈ ಆಡಿಸಿ, ಸೀಳು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಪಂಪ್ ಟೈಮಿಂಗ್ (ಡೀಸೆಲ್ ಬಿಡುವ ಹೊತ್ತು), ನೋಝಲ್ (ಡೀಸೆಲ್ ಸಿಂಪಡಿಸುವ ಮೂತಿ), ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲು) ಕಡೆ ಗಮನ ಕೊಡಬೇಕು.

ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಎಂದರೆ? ಎಂಜಿನ್‌ಗೆ ಡೀಸೆಲ್ಲೇ ಸಾಕಷ್ಟು ಹೋಗುತ್ತಿಲ್ಲ. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ನನ್ನ ಗಾಡಿಯದ್ದೂ ಇದೇ ಕಥೆ.

ಬಜಾಜ್ ಟೆಂಪೊ 1987ರಲ್ಲಿ ಟ್ರಾವೆಲರ್ ಅನ್ನು ರಸ್ತೆಗೆ ತಂದಿತು. ಆಕುರ್ಡಿಯ ಆ ಕಂಪನಿಯೇ 2005ರಿಂದ ಫೋರ್ಸ್ ಮೋಟರ್ಸ್. ನನ್ನದರಲ್ಲಿರುವುದು ಮರ್ಸಿಡಿಸ್‌ನ ಓಎಂ616 ವಂಶದ ನಾಲ್ಕು ಸಿಲಿಂಡರ್ ಎಂಜಿನ್. ಕಂಪ್ಯೂಟರ್ ಇಲ್ಲ, ಎಲ್ಲ ಪೈಪು, ಪಂಪು, ನಟ್ಟು ಬೋಲ್ಟು. ಕೊಂಡ ವರ್ಷವೇ ಊರಿಗೆ ಹೊರಟಿದ್ದೆ. ಕಾತ್ರಜ್ ಹತ್ತಿರ ಟ್ಯಾಂಕ್ ಫುಲ್ ಮಾಡಿಸಿದೆ. ಶಿರವಳ ದಾಟುವವರೆಗೆ ಏನೂ ತೊಂದರೆಯಿಲ್ಲ. ಖಂಬಾಟ್ಕಿ ಘಾಟ್ ಏರಲು ಶುರು ಮಾಡಿದ್ದೇ ತಡ, ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ಹಿಂದೆ ಕಬ್ಬಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಬದಿಗೆ ನಿಲ್ಲಿಸಿ, ಡೀಸೆಲ್ ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿ, ಮತ್ತೆ ಮುಚ್ಚಿ, ಚಹಾ ಕುಡಿದು ಹೊರಟೆ. ಗಾಡಿ ಏನೂ ಆಗೇ ಇಲ್ಲ ಎನ್ನುವಂತೆ ಮೇಲೇರಿತು.

ಬಂಕಿನ ಡೀಸೆಲ್ಲೇ ಕಲಬೆರಕೆ ಎಂದುಕೊಂಡು ಫಿಲ್ಟರ್ ಬದಲಿಸಿದೆ. ಮುಂದಿನ ಸಲ ಬೇರೆ ಬಂಕಿನಲ್ಲಿ ಫುಲ್ ಮಾಡಿಸಿದೆ, ಮತ್ತೆ ಅದೇ ಪಾಡು. ನೋಝಲ್ ಬಿಚ್ಚಿಸಿ ಟೆಸ್ಟ್ ಮಾಡಿಸಿದೆ, ಪಂಪ್ ಕ್ಯಾಲಿಬ್ರೇಷನ್ ಮಾಡಿಸಿದೆ. ದುಡ್ಡು ನೀರಿನಂತೆ ಹೋಯಿತು. ಕೊನೆಗೆ ಒಂದು ಗ್ಯಾರೇಜಿನಲ್ಲಿ, ರಿಂಗ್ ಪಿಸ್ಟನ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದರು.

ಅಷ್ಟರಲ್ಲಿ ಚಿಂಚವಡದಲ್ಲಿ ಡೀಸೆಲ್ ಪಂಪ್ ಕೆಲಸ ಮಾಡುವ, ಇಂಡಿ ತಾಲೂಕಿನ ಕಾಕಾ ಒಬ್ಬರ ಪರಿಚಯವಾಯಿತು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. "ನಿಂತು ಹೊಂಟ್ರ ಆರಾಮ ಆಗತೈತೇನು?" ಎಂದು ಕೇಳಿದರು. ಹೌದ್ರಿ ಎಂದೆ. "ಸವದ್ ರಿಂಗು ಹತ್ತು ಮಿನಿಟು ನಿಂತ್ರ ಆರಾಮ ಆಗೂದಿಲ್ಲೋ ತಮ್ಮಾ."

ಅವರು ಮಾಡಿದ ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಐದು ಲೀಟರ್ ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ತುಂಬಿ, ಪಕ್ಕದ ಸೀಟಿನ ಕಾಲ ಬಳಿ ಹಗ್ಗದಿಂದ ಬಿಗಿದರು. ಟ್ಯಾಂಕಿನಿಂದ ಬರುವ ಪೈಪ್ ಕಳಚಿ, ಬದಲಿಗೆ ಕ್ಯಾನಿನಿಂದ ಪಾರದರ್ಶಕ ಪೈಪ್ ಜೋಡಿಸಿದರು. ವಾಪಸ್ ಹೋಗುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಟ್ಟರು. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದರು. ಪೈಪಿನಲ್ಲಿ ಗುಳ್ಳೆ ಓಡುವುದು ನಿಂತ ಮೇಲೆ ಹಳೇ ಕಾತ್ರಜ್ ಘಾಟ್ ಹತ್ತಿಸಿದೆವು. ಗಾಡಿ ಮೂರನೇ ಗೇರಿನಲ್ಲೇ ಏರಿತು. ಅಂದರೆ ಎಂಜಿನ್, ಪಂಪ್, ನೋಝಲ್ ಎಲ್ಲ ಸರಿಯಿವೆ. ದೋಷ ಇರುವುದು ಟ್ಯಾಂಕಿನ ಕಡೆ. ಇದನ್ನು ತಿಳಿದವರು ಜೊತೆಗಿದ್ದಾಗ ಮಾತ್ರ ಮಾಡಿ, ಗಾಡಿಯೊಳಗೆ ಡೀಸೆಲ್ ಚೆಲ್ಲಿದರೆ ಅಪಾಯ.

ಮರುದಿನ ಟ್ಯಾಂಕ್ ಫುಲ್ ಮಾಡಿ, ಪೈಪುಗಳನ್ನು ಮೊದಲಿನಂತೆ ಜೋಡಿಸಿ, ಮತ್ತೆ ಹೊರಟೆವು. ಗಾಡಿ ಸೊರಗಿದ ಕೂಡಲೇ ಕಾಕಾ ಇಳಿದು ಡೀಸೆಲ್ ಮುಚ್ಚಳವನ್ನು ಬಲು ನಿಧಾನ ತಿರುಗಿಸಿದರು. ಹುಸ್ಸ್ ಎಂಬ ದೀರ್ಘ ಸದ್ದು ಬಂತು. ಮುಚ್ಚಳದ ಅಂಚಿನಲ್ಲಿ ಕೂತಿದ್ದ ಧೂಳು ಗೆರೆಗೆರೆಯಾಗಿ ಒಳಗೆ ಹೀರಿಹೋಯಿತು. ಬಿಸಿಲಿಗೆ ನಿಂತ ಟ್ಯಾಂಕ್ ತೆರೆದಾಗ ಗಾಳಿ ಹೊರಬರುವುದು ಸಹಜ. ಇಲ್ಲಿ ಒಳಗೆ ಹೋಗುತ್ತಿತ್ತು.

ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಅದಕ್ಕೆಂದೇ ಒಂದು ಬ್ರೀದರ್ ಪೈಪ್ ಇರುತ್ತದೆ. ಹಿಂದಿನ ಮಾಲೀಕರಿಗೆ ಕ್ಯಾಂಪರ್ ಕಟ್ಟಿಕೊಟ್ಟವರು ತಳದಲ್ಲಿ ನೀರಿನ ಟ್ಯಾಂಕ್ ಕೂರಿಸುವಾಗ, ಆ ಪೈಪನ್ನು ಆ್ಯಂಗಲ್ ಪಟ್ಟಿಗೂ ಚಾಸಿಗೂ ನಡುವೆ ಸಿಕ್ಕಿಸಿ ಚಪಾತಿಯಂತೆ ಚಪ್ಪಟೆ ಮಾಡಿದ್ದರು. ಒಳಗೆ ನಿರ್ವಾತ ಬೆಳೆದಂತೆ ಪಂಪಿಗೆ ಡೀಸೆಲ್ ಎಳೆಯಲು ಆಗುತ್ತಿರಲಿಲ್ಲ. ಚಹಾಕ್ಕೆ ನಿಂತಾಗ ನಾನು ಮುಚ್ಚಳ ತೆಗೆದಿದ್ದೆನಲ್ಲ, ಅದೇ ಔಷಧವಾಗಿತ್ತು. ಫುಲ್ ಟ್ಯಾಂಕ್ ದಿನವೇ ಏಕೆ ಹೀಗಾಗುತ್ತಿತ್ತು ಎಂಬುದೂ ಆಗ ತಿಳಿಯಿತು. ಟ್ಯಾಂಕ್ ತುಂಬಿದ್ದಾಗ ಮೇಲೆ ಗಾಳಿಗೆ ಇರುವುದು ಅಂಗೈಯಷ್ಟು ಜಾಗ. ಐದಾರು ಲೀಟರ್ ಖರ್ಚಾಗುವಷ್ಟರಲ್ಲಿ ಎಳೆತ ಜೋರಾಗುತ್ತದೆ. ಅರ್ಧ ಟ್ಯಾಂಕ್ ಇದ್ದರೆ ಮೂವತ್ತು ಲೀಟರಿಗೂ ಹೆಚ್ಚು ಗಾಳಿ ಮೊದಲೇ ಇರುತ್ತದೆ, ಅದೇ ಐದಾರು ಲೀಟರಿಗೆ ಅಷ್ಟು ಫರಕು ಬೀಳುವುದಿಲ್ಲ. ಬಂಕಿನವರ ಮೇಲೆ ನಾನು ಸುಮ್ಮನೆ ಸಿಟ್ಟಾಗಿದ್ದೆ. ಒಂದು ಮೊಳ ರಬ್ಬರ್ ಪೈಪು, ಎರಡು ಕ್ಲ್ಯಾಂಪು, ಅಷ್ಟರಲ್ಲೇ ಮುಗಿಯಿತು.

ಬ್ರೀದರ್ ಸರಿಯಿದ್ದೂ ಡೀಸೆಲ್ ಬಾರದಿದ್ದರೆ ಟ್ಯಾಂಕಿನೊಳಗಿನ ಜಾಲರಿ ನೋಡಿಸಿ. ಕ್ಯಾಂಪರ್ ತಿಂಗಳುಗಟ್ಟಲೆ ನಿಲ್ಲುವ ಗಾಡಿ. ತಳದಲ್ಲಿ ನೀರು ಸೇರುತ್ತದೆ, ಲೋಳೆಯಂಥ ಕಪ್ಪು ರಾಡಿ ಬೆಳೆಯುತ್ತದೆ, ಅದು ಜಾಲರಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿದರೆ ಕಳಚಿ ಬೀಳುತ್ತದೆ. ಇದೂ ನಿಂತರೆ ಸರಿಹೋಗುವ ಕಾಯಿಲೆಯೇ.

ಎಂಜಿನ್ ಮೇಲೆ ಅನುಮಾನ ಪಡುವ ಮೊದಲು ಚಕ್ರಗಳನ್ನೂ ನೋಡಿ. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ಪ್ರತಿ ಚಕ್ರದ ನಡುವಿಗೆ ಅಂಗೈ ಹತ್ತಿರ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇನ್ನು ಭಾರ. 18 ಮಿಲಿಮೀಟರ್ ಪ್ಲೈವುಡ್‌ನ ಎಂಟಡಿ-ನಾಲ್ಕಡಿ ಹಲಗೆ ಒಂದಕ್ಕೇ ಸುಮಾರು 30 ಕೆಜಿ ತೂಕ, 100 ಲೀಟರ್ ನೀರು ಅಂದರೆ 100 ಕೆಜಿ. ಜೊತೆಗೆ, ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರ್ ಏರಿದರೆ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಮಹಾಬಳೇಶ್ವರದಲ್ಲಿ ಗಾಡಿ ಸ್ವಲ್ಪ ಏದುಸಿರು ಬಿಟ್ಟರೆ ಅದು ರೋಗವಲ್ಲ.

ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಎಂಜಿನ್ ಇದ್ದವರಿಗೆ ಒಂದೇ ಮಾತು: ಮೊದಲು ಸ್ಕ್ಯಾನರ್ ಹಾಕಿಸಿ, ಅದು ತೋರಿಸುವ ದೋಷದ ಕೋಡ್ ಬರೆದುಕೊಳ್ಳಿ. ಸೆನ್ಸರ್ ಮೇಲೆ ಸಂಶಯ ಬಂದರೂ ಆ ಎಂಜಿನ್ ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ.

ಹಾಗಾದರೆ ಎಂಜಿನ್ ಬಿಚ್ಚುವುದು ಯಾವಾಗ? ಸಪಾಟಿನಲ್ಲೂ, ಏರಿನಲ್ಲೂ, ನಿಂತು ಹೊರಟರೂ ಒಂದೇ ರೀತಿ ಸೊರಗಿದ್ದಾಗ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದಾಗ. ಆಯಿಲ್ ಕುಡಿಯುತ್ತಿದ್ದಾಗ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡಿ. ಮೆಲ್ಲಗೆ ನಡುಗಿದರೆ ಚಿಂತೆಯಿಲ್ಲ. ಹಾರಿ ಬಿದ್ದು ಪುಸುಪುಸು ಹೊಗೆ ಬಂದರೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರಲ್ಲ, ಅದು: ಸವೆದ ರಿಂಗು ದಾಟಿ ಗಾಳಿ ಕೆಳಗೆ ನುಗ್ಗುತ್ತಿದೆ. ಆಗಲೂ ಕಂಪ್ರೆಷನ್ ಅಳೆಯುವ ಗೇಜ್ ಹಾಕಿಸಿ, ನಾಲ್ಕೂ ಸಿಲಿಂಡರಿನ ಲೆಕ್ಕ ನಿಮ್ಮ ಕಣ್ಣೆದುರೇ ಬರೆಸಿಕೊಂಡ ಮೇಲೆ ಒಪ್ಪಿಗೆ ಕೊಡಿ.

ಹಳೇ ಕ್ಯಾಂಪರ್ ಕೊಳ್ಳಲು ಹೊರಟವರಿದ್ದರೆ, ಮಾಲೀಕರಿಗೆ ಹೇಳಿ ಟ್ಯಾಂಕ್ ಫುಲ್ ಮಾಡಿಸಿ, ಡೀಸೆಲ್ ದುಡ್ಡು ನೀವೇ ಕೊಟ್ಟರೂ ಸರಿ. ನೀರಿನ ಟ್ಯಾಂಕೂ ತುಂಬಿರಲಿ. ಒಂದು ತಾಸು ಓಡಿಸಿದ ಮೇಲೆ ಘಾಟ್ ಹತ್ತಿಸಿ. ಮೇಲೆ ನಿಲ್ಲಿಸಿ ಡೀಸೆಲ್ ಮುಚ್ಚಳ ನಿಧಾನ ತಿರುಗಿಸುವಾಗ ಮಾತಾಡಬೇಡಿ, ಸದ್ದು ಕೇಳಿಸಿಕೊಳ್ಳಿ.