ಚಿತ್ರ ಮಾರಲು ಮೊದಲ ಸಲ ಮೇಳಕ್ಕೆ ಹೋಗುವವರಿಗೆ

ವ್ಯಾನಿನಿಂದ ಇಳಿಸಿದ ಮೊದಲ ಪೊಟ್ಟಣ ಬಿಚ್ಚಿದಾಗಲೇ ನನ್ನ ಎದೆ ಧಸಕ್ಕೆಂದಿತು. ಮೂರು ವಾರ ಕೂತು ಬರೆದ ಅಕ್ರಿಲಿಕ್ ಚಿತ್ರ ಅದು. ಅದರ ಆಕಾಶದ ತುಂಬ ಬಬಲ್ ರ‍್ಯಾಪ್‌ ಗುಳ್ಳೆಗಳ ಅಚ್ಚು ಬಿದ್ದಿತ್ತು. ಐದು ಗಂಟೆಯ ದಾರಿ, ಮುಚ್ಚಿದ ವ್ಯಾನು, ಹೊರಗೆ ಬಿಸಿಲು. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಸೆಕೆಗೆ ಮೆತ್ತಗಾಗುತ್ತದೆ, ಒತ್ತಿಕೊಂಡಿದ್ದಕ್ಕೆ ಅಂಟುತ್ತದೆ. ಇದು ನನಗೆ ಗೊತ್ತಾಗಿದ್ದು ಆ ಬೆಳಿಗ್ಗೆ.

ಹಾಗಾಗಿ ಮೊದಲು ಕಟ್ಟುವ ವಿಷಯವನ್ನೇ ಹೇಳುತ್ತೇನೆ. ಬಣ್ಣದ ಮೇಲೆ ನೇರವಾಗಿ ಬಬಲ್ ರ‍್ಯಾಪ್ ಬೇಡ. ಮೊದಲು ಗ್ಲಾಸಿನ್ ಅನ್ನುವ ನುಣುಪು ಕಾಗದ ಹಾಸಿ. ಆಮೇಲೆ ಗುಳ್ಳೆಗಳು ಹೊರಮುಖವಾಗಿ ಇರುವಂತೆ ಸುತ್ತಿ. ಫ್ರೇಮ್ ಹಾಕಿದ್ದರೆ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ಒಂದು ದಪ್ಪ ರಟ್ಟು ಇಡಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನದಕ್ಕೆ ಎಲ್ಲದರ ಭಾರ ಬೀಳುತ್ತದೆ. ಎಣ್ಣೆ ಬಣ್ಣದವರು ಇನ್ನೂ ಜಾಗ್ರತೆಯಾಗಿರಬೇಕು. ಮುಟ್ಟಿದರೆ ಒಣಗಿದಂತಿದ್ದರೂ ದಪ್ಪ ಬಣ್ಣ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಹೋದ ವಾರ ಮುಗಿಸಿದ ಚಿತ್ರವನ್ನು ಈ ವಾರ ಮೇಳಕ್ಕೆ ಒಯ್ಯಬೇಡಿ.

ಆದರೆ ಮೇಳದ ಪ್ರಯಾಣ ವ್ಯಾನಿನಿಂದ ಶುರುವಾಗುವುದಿಲ್ಲ. ನನ್ನದು ಆರೇಳು ತಿಂಗಳು ಮುಂಚೆ, ಒಂದು ಮೇಳಕ್ಕೆ ಸುಮ್ನೆ ನೋಡಲು ಹೋದಾಗ ಶುರುವಾಗಿತ್ತು. ಇದನ್ನು ನೀವೂ ತಪ್ಪಿಸಬೇಡಿ. ಯಾವ ಸ್ಟಾಲ್ ಮುಂದೆ ಜನ ನಿಲ್ಲುತ್ತಾರೆ, ಎಲ್ಲಿ ದಾಟಿ ಹೋಗುತ್ತಾರೆ, ಕೈಯಲ್ಲಿ ಎಷ್ಟು ದೊಡ್ಡ ಪೊಟ್ಟಣ ಹಿಡಿದು ಹೊರಗೆ ಬರುತ್ತಾರೆ ಅನ್ನುವುದನ್ನು ನೋಡಿ. ಬರೀ ಹಾಡು, ತಿಂಡಿಗೆ ಅಂತ ಜನ ಸೇರುವ ಉತ್ಸವ ಇರುತ್ತದೆ, ಚಿತ್ರ ನೋಡಲೆಂದೇ ಬರುವ ಮೇಳವೂ ಇರುತ್ತದೆ. ಎರಡರಲ್ಲೂ ಜನಜಂಗುಳಿ ಒಂದೇ ಥರ ಕಾಣುತ್ತದೆ, ಮಾರಾಟ ಮಾತ್ರ ಒಂದೇ ಥರ ಇರುವುದಿಲ್ಲ.

ಮೊದಲ ಅರ್ಜಿ ತಿರಸ್ಕಾರವಾಯಿತು. ನಾನು ಕಳಿಸಿದ ಐದು ಫೋಟೋ ಐದು ಥರ ಇದ್ದವು. ಒಂದು ಮುಖಚಿತ್ರ, ಒಂದು ಹೂವು, ಒಂದು ದೋಣಿ, ಎರಡು ಅಮೂರ್ತ ಚಿತ್ರ. ಏನೆಲ್ಲ ಬರುತ್ತದೆ ಅಂತ ತೋರಿಸುವ ಆಸೆ ಇತ್ತು. ಆಯ್ಕೆ ಮಾಡುವವರು ನೂರಾರು ಅರ್ಜಿಗಳನ್ನು ಒಂದಾದ ಮೇಲೊಂದು ನೋಡುತ್ತಾರೆ. ಐದೂ ಚಿತ್ರ ಒಬ್ಬರದ್ದೇ ಕೈ ಅಂತ ಅವರಿಗೆ ಥಟ್ಟನೆ ಕಾಣಬೇಕು. ಎರಡನೇ ಸಲ ಹಳೆಯ ಕಿಟಕಿಗಳ ಸರಣಿಯನ್ನು ಮಾತ್ರ ಕಳಿಸಿದೆ, ಆಯ್ಕೆಯಾಯಿತು. ಕೆಲವು ಮೇಳದವರು ಸ್ಟಾಲಿನ ಫೋಟೋ ಕೂಡ ಕೇಳುತ್ತಾರೆ. ಹೊಸಬರ ಹತ್ತಿರ ಅದು ಎಲ್ಲಿರುತ್ತದೆ? ನಾನು ಮನೆಯ ಹೊರಗೆ ಡೇರೆ ನಿಲ್ಲಿಸಿ, ಚಿತ್ರ ತೂಗುಹಾಕಿ ತೆಗೆದೆ. ಅದರಿಂದ ಇನ್ನೊಂದು ಉಪಕಾರವೂ ಆಯಿತು. ಡೇರೆ ಕಟ್ಟಲು ಎಷ್ಟು ಹೊತ್ತು ಬೇಕು ಅಂತ ಮೊದಲೇ ಗೊತ್ತಾಯಿತು.

ಚಿತ್ರದ ಫೋಟೋವನ್ನು ಗಾಜು ಹಾಕುವ ಮುಂಚೆಯೇ ತೆಗೆಯಿರಿ. ಮೋಡದ ದಿನ, ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾ ಚಿತ್ರಕ್ಕೆ ನೇರವಾಗಿರಲಿ. ಪ್ರಿಂಟ್ ಮಾಡಿಸುವ ಯೋಚನೆ ಇದ್ದರೆ ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿಯಿರಿ. 12×16 ಇಂಚಿನ ಪ್ರಿಂಟಿಗೆ 3600×4800 ಪಿಕ್ಸೆಲ್ ಬೇಕು.

ಬೆಲೆ ಕಟ್ಟುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲು ಚದರ ಇಂಚಿನ ಲೆಕ್ಕ ಹಾಕಿದೆ. 8×10 ಅಂದರೆ 80 ಚದರ ಇಂಚು, 16×20 ಅಂದರೆ 320. ಉದ್ದ ಅಗಲ ಎರಡೇ ಪಟ್ಟು, ಬೆಲೆ ಮಾತ್ರ ನಾಲ್ಕು ಪಟ್ಟು. ಚಿಕ್ಕ ಚಿತ್ರಕ್ಕೆ ಫ್ರೇಮಿನ ಖರ್ಚೂ ಹುಟ್ಟುತ್ತಿರಲಿಲ್ಲ, ದೊಡ್ಡದನ್ನು ಕೇಳುವವರೇ ಇರುತ್ತಿರಲಿಲ್ಲ. ಆಮೇಲೆ ಉದ್ದ ಮತ್ತು ಅಗಲವನ್ನು ಕೂಡಿಸಿ ಲೆಕ್ಕ ಹಾಕಿದೆ. 8ಕ್ಕೆ 10 ಸೇರಿ 18, 16ಕ್ಕೆ 20 ಸೇರಿ 36. ಸರಿಯಾಗಿ ಎರಡು ಪಟ್ಟು. ಇದರ ಮೇಲೆ ಫ್ರೇಮಿನ ಖರ್ಚನ್ನು ಬೇರೆಯಾಗಿ ಸೇರಿಸಿದೆ. ಕೈ ಇನ್ನೂ ಕುದುರದವರಿಗೆ ಈ ದಾರಿ ಸುಲಭ ಅಂತ ನನ್ನ ಅನಿಸಿಕೆ. ಯಾರಾದರೂ "ಇದಕ್ಯಾಕೆ ಇಷ್ಟು?" ಅಂದರೆ ನಿಮ್ಮ ಹತ್ತಿರ ಉತ್ತರ ಇರುತ್ತದೆ. ಹಾಗೇ, ಗ್ಯಾಲರಿಯಲ್ಲಿ ಒಂದು ಬೆಲೆ, ಮೇಳದಲ್ಲಿ ಇನ್ನೊಂದು ಬೆಲೆ ಇಡಬೇಡಿ. ಗ್ಯಾಲರಿಯವರು ಅನೇಕ ಕಡೆ ಅರ್ಧದಷ್ಟು ಕಮಿಷನ್ ಹಿಡಿಯುತ್ತಾರೆ, ನಿಜ. ಆದರೂ ಮೊದಲು ಕೊಂಡವರಿಗೆ ಮೋಸವಾಯಿತು ಅನ್ನಿಸಬಾರದು, ಅಲ್ವಾ?

ಮೇಳದ ಮೊದಲ ಬೆಳಿಗ್ಗೆಗೆ ಬರುತ್ತೇನೆ. ನಮಗೆ ಕೊಟ್ಟ ಜಾಗ ಹತ್ತಡಿಗೆ ಹತ್ತಡಿ. ತುಂಬ ಮೇಳಗಳಲ್ಲಿ ಇದೇ ಅಳತೆ. ತಮ್ಮ ಜೊತೆಗಿದ್ದ, ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಒಬ್ಬರೇ ಹೋಗುವವರು ಕಟ್ಟಲು ಮತ್ತು ಬಿಚ್ಚಲು ಒಂದು ಜೊತೆ ಕೈಯನ್ನಾದರೂ ಗೊತ್ತು ಮಾಡಿಕೊಳ್ಳಿ. ಡೇರೆಯ ಒಂದೊಂದು ಕಾಲಿಗೂ ಹದಿನೆಂಟು ಕಿಲೋದಷ್ಟು ಭಾರ ಕಟ್ಟಬೇಕು ಅಂತ ಓದಿಕೊಂಡು ಹೋಗಿದ್ದೆ. ಇಪ್ಪತ್ತು ಲೀಟರಿನ ಕ್ಯಾನಿಗೆ ಅಲ್ಲಿಯೇ ನೀರು ತುಂಬಿ ಕಟ್ಟಿದೆವು. ಲೀಟರಿಗೆ ಒಂದು ಕಿಲೋ, ಲೆಕ್ಕ ಸುಲಭ. ಬರುವಾಗ ಖಾಲಿ ಕ್ಯಾನು, ಹೊರುವ ಕಷ್ಟವೂ ಇಲ್ಲ. ಮಧ್ಯಾಹ್ನ ಒಂದು ಗಾಳಿ ಬೀಸಿತು. ಎದುರು ಸಾಲಿನಲ್ಲಿ ಭಾರ ಕಟ್ಟದ ಡೇರೆಯೊಂದು ಎದ್ದು ಪಕ್ಕದವರ ಮಡಕೆಗಳ ಮೇಲೆ ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ನಿಮ್ಮ ಡೇರೆಯ ಭಾರ ಪಕ್ಕದವರ ಕೆಲಸವನ್ನೂ ಕಾಯುತ್ತದೆ. ಇದೊಂದರಲ್ಲಿ ಉಳಿತಾಯ ಮಾಡಬೇಡಿ.

ಚಿತ್ರಗಳನ್ನು ನಾನು ಒಂದಿಂಚೂ ಬಿಡದೆ ತೂಗುಹಾಕಿದ್ದೆ. ಒಟ್ಟು ಮೂವತ್ತನಾಲ್ಕು. ಹನ್ನೊಂದು ಗಂಟೆಯವರೆಗೆ ಜನ ಬಂದರು, ಒಂದು ಸುತ್ತು ಕಣ್ಣು ಹಾಯಿಸಿದರು, ಹೋದರು. ಪಕ್ಕದ ಸ್ಟಾಲಿನಲ್ಲಿ ಮರದ ಅಚ್ಚಿನ ಚಿತ್ರ ಮಾರುವ ಹಿರಿಯರೊಬ್ಬರಿದ್ದರು. ಚಹಾ ಕುಡಿಯುತ್ತಾ ನಮ್ಮ ಕಡೆ ನೋಡಿ, "ಅರ್ಧ ತೆಗೆದುಬಿಡಿ. ಕಣ್ಣು ಎಲ್ಲಿ ಕೂರಬೇಕು ಹೇಳಿ?" ಅಂದರು. ಮನಸ್ಸಿಲ್ಲದೆ ತೆಗೆದೆ. ಹಿಂದಿನ ಗೋಡೆಗೆ ದೊಡ್ಡದೊಂದು ಕಿಟಕಿಯ ಚಿತ್ರ ಮಾತ್ರ ಉಳಿಯಿತು. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರುವಂತೆ ಮಾಡಿದೆ. ನಿಂತು ನೋಡುವವರ ಕಣ್ಣಿನ ಮಟ್ಟ ಸುಮಾರಾಗಿ ಅಷ್ಟೇ. ಅರ್ಧ ಗಂಟೆಯೊಳಗೆ ವ್ಯತ್ಯಾಸ ಕಂಡಿತು. ಜನ ದೂರದಿಂದ ಆ ಕಿಟಕಿ ನೋಡಿಕೊಂಡು ಒಳಗೆ ಬಂದರು, ಒಳಗೆ ಬಂದವರು ಚಿಕ್ಕವನ್ನು ಕೈಗೆತ್ತಿಕೊಂಡರು. ಆ ದೊಡ್ಡ ಚಿತ್ರ ಎರಡು ದಿನವೂ ಮಾರಾಟವಾಗಲಿಲ್ಲ. ಆದರೆ ಅದು ಅಲ್ಲಿ ಇಲ್ಲದಿದ್ದರೆ ಚಿಕ್ಕವು ಅಷ್ಟು ಹೋಗುತ್ತಿರಲಿಲ್ಲ.

ಕುರ್ಚಿಯಲ್ಲಿ ಫೋನ್ ನೋಡುತ್ತಾ ಕೂತರೆ ಯಾರೂ ಒಳಗೆ ಬರುವುದಿಲ್ಲ. ಬಾಗಿಲಿಗೆ ಅಡ್ಡ ನಿಂತರೂ ಬರುವುದಿಲ್ಲ. ಒಂದು ಪಕ್ಕಕ್ಕೆ ನಿಂತು ನಮಸ್ಕಾರ ಹೇಳಿ ಬಿಟ್ಟುಬಿಡಿ. ಒಂದು ಚಿತ್ರದ ಮುಂದೆ ಅವರು ನಿಂತಾಗ ಮಾತಾಡಿ. ನಾನು ಮೊದಮೊದಲು ಬಣ್ಣ, ಕಾಗದದ ಬಗ್ಗೆ ಹೇಳುತ್ತಿದ್ದೆ. ಒಬ್ಬ ಅಮ್ಮ, "ಈ ಕಿಟಕಿ ಯಾಕೆ ಅರ್ಧ ತೆರೆದಿದೆ?" ಅಂತ ಕೇಳಿದರು. ಒಳಗಿದ್ದ ಬೆಕ್ಕು ಬಂದು ಹೋಗಲಿ ಅಂತ ಆ ಮನೆಯವರು ಹಾಗೆ ಬಿಡುತ್ತಿದ್ದರು ಅಂದೆ. ಅವರು ಅದನ್ನೇ ಕೊಂಡರು. ಅದೇ ಬೋಣಿ. ಆಮೇಲೆ ಪ್ರತಿ ಚಿತ್ರದ ಹಿಂದೆ ಅದು ಹುಟ್ಟಿದ ಕತೆಯನ್ನು ಎರಡು ಸಾಲಿನಲ್ಲಿ ಬರೆದು ಅಂಟಿಸಿದೆ.

ಬೆಲೆ ಚೀಟಿ ಎಲ್ಲದಕ್ಕೂ ಇರಲಿ. ತುಂಬ ಜನ ಕೇಳಲು ಸಂಕೋಚಪಟ್ಟು ಹಾಗೇ ಹೋಗುತ್ತಾರೆ. ಮಧ್ಯಾಹ್ನ ಜನ ಜಾಸ್ತಿಯಾದಾಗ ಫೋನ್ ನೆಟ್‌ವರ್ಕ್ ಸತ್ತುಹೋಯಿತು. ಚಿಲ್ಲರೆ ತಂದಿದ್ದರಿಂದ ಎರಡು ವ್ಯಾಪಾರ ಉಳಿಯಿತು, ಒಂದು ಹೋಯಿತು. ಬಿಲ್ ಪುಸ್ತಕ, ಪೆನ್ನು, ಕತ್ತರಿ, ಟೇಪು, ಪವರ್ ಬ್ಯಾಂಕ್ ಎಲ್ಲ ಒಂದೇ ಚೀಲದಲ್ಲಿರಲಿ. ಚೌಕಾಸಿ ಮಾಡುವವರು ಇದ್ದೇ ಇರುತ್ತಾರೆ. ನಾನು ಒಂದು ಚಿತ್ರಕ್ಕೆ ಬೆಲೆ ಇಳಿಸಲಿಲ್ಲ, ಎರಡು ಕೊಂಡರೆ ಸ್ವಲ್ಪ ಬಿಟ್ಟೆ.

ಪ್ರಿಂಟ್‌ಗಳ ವಿಷಯದಲ್ಲಿ ಪ್ರಾಮಾಣಿಕವಾಗಿರಿ. ಇದು ಮೂಲ ಚಿತ್ರ, ಇದು ಪ್ರಿಂಟ್ ಅಂತ ಕಾಣುವಂತೆ ಬರೆಯಿರಿ. 50 ಪ್ರತಿ ಮಾತ್ರ ಅಂದುಕೊಂಡಿದ್ದರೆ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 7/50 (ಐವತ್ತರಲ್ಲಿ ಏಳನೆಯದು) ಅಂತ, ಬಲಕ್ಕೆ ಸಹಿ. ಐವತ್ತೊಂದನೆಯದು ಬೇಡವೇ ಬೇಡ. ಒಬ್ಬರು ಚಿತ್ರ ಕೊಂಡು, "ಇದನ್ನು ನಮ್ಮ ಅಂಗಡಿಯ ಕ್ಯಾಲೆಂಡರಿಗೆ ಹಾಕಿಕೊಳ್ಳುತ್ತೇವೆ" ಅಂದರು. ಚಿತ್ರ ಮಾರಿದರೆ ಅದರ ಕಾಪಿರೈಟ್, ಅಂದರೆ ಪ್ರತಿ ಮಾಡಿಸುವ ಹಕ್ಕು, ತಾನಾಗಿ ಹೋಗುವುದಿಲ್ಲ. ಕಾಪಿರೈಟ್ ಬಗೆಗಿನ 1886ರ ಅಂತಾರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಬರೆದವರ ಜೀವಮಾನ ಮತ್ತು ಆಮೇಲೆ ಕನಿಷ್ಠ 50 ವರ್ಷ ಅದು ಉಳಿಯುತ್ತದೆ. ಅವರಿಗೆ ನಿಧಾನವಾಗಿ ತಿಳಿಸಿದೆ, ಒಪ್ಪಿಕೊಂಡರು. ಈಗ ಬಿಲ್ಲಿನ ಕೆಳಗೇ ಒಂದು ಸಾಲು ಬರೆದಿರುತ್ತೇನೆ.

ಎರಡನೇ ದಿನ ತುಂತುರು ಮಳೆ. ಜಲವರ್ಣಗಳಿಗೆ ಗಾಜಿನ ಬದಲು ಅಕ್ರಿಲಿಕ್ ಶೀಟ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದೆ. ಗಾಜಿನ ಅರ್ಧದಷ್ಟೂ ತೂಕ ಇಲ್ಲ, ಬಿದ್ದರೆ ಚೂರಾಗುವುದಿಲ್ಲ. ಆದರೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಬಣ್ಣ ಪುಡಿಯಾಗಿ ಉದುರುವ ಪ್ಯಾಸ್ಟೆಲ್ ಚಿತ್ರಗಳಿಗೆ ಅದು ಸರಿಯಲ್ಲ, ಅದರ ಸ್ಥಿರ ವಿದ್ಯುತ್ತು ಪುಡಿಯನ್ನು ಮೇಲಕ್ಕೆಳೆಯುತ್ತದೆ. ಪ್ರಿಂಟ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರಿಂದ ಉಳಿದವು. ಅವುಗಳ ಹಿಂದೆ ಇಡುವ ರಟ್ಟು ಆಮ್ಲ ಇಲ್ಲದ್ದೇ ಆಗಿರಲಿ. ಅಗ್ಗದ ರಟ್ಟು ಕೆಲವೇ ವರ್ಷದಲ್ಲಿ ಕಾಗದವನ್ನು ಹಳದಿ ಮಾಡುತ್ತದೆ. ನಿಮ್ಮ ಹೆಸರು ಆ ಕಾಗದದ ಮೇಲಿರುತ್ತದೆ.

ಸಂಜೆ ಮಳೆ ನಿಂತಾಗ ಅರ್ಧ ಸ್ಟಾಲಿನವರು ಕಟ್ಟಿಕೊಂಡು ಹೊರಟಿದ್ದರು. ನಾವು ಕೊನೆಯವರೆಗೂ ಇದ್ದೆವು. ಹಿಂದಿನ ದಿನ ನೋಡಿ ಹೋಗಿದ್ದ ಇಬ್ಬರು ಕೊನೆಯ ಒಂದು ಗಂಟೆಯಲ್ಲೇ ತಿರುಗಿ ಬಂದು ಕೊಂಡರು.

ರಾತ್ರಿ ವ್ಯಾನಿನಲ್ಲೇ ಲೆಕ್ಕ ಬರೆದೆ. ಹನ್ನೊಂದು ಚಿಕ್ಕ ಚಿತ್ರ, ಎರಡು ಮಧ್ಯಮ, ಇಪ್ಪತ್ತಾರು ಪ್ರಿಂಟ್. ಸ್ಟಾಲಿನ ಬಾಡಿಗೆ, ಪ್ರಯಾಣ, ಉಳಿಯುವ ಖರ್ಚು, ಫ್ರೇಮು ಎಲ್ಲ ಕಳೆದ ಮೇಲೆ ಉಳಿದಿದ್ದು ಕಡಿಮೆ, ಆದರೆ ಉಳಿಯಿತು. ಡೇರೆಯ ಖರ್ಚನ್ನು ಒಂದೇ ಮೇಳದ ಮೇಲೆ ಹಾಕಬೇಡಿ, ಅದು ವರ್ಷಗಟ್ಟಲೆ ಬರುತ್ತದೆ. ಯಾವ ಚಿತ್ರದ ಮುಂದೆ ಜನ ಹೆಚ್ಚು ಹೊತ್ತು ನಿಂತರು ಅನ್ನುವುದನ್ನೂ ಅದೇ ರಾತ್ರಿ ಬರೆದಿಡಿ. ವಾರ ಕಳೆದರೆ ಮರೆಯುತ್ತದೆ. ಹೆಸರು ಬರೆದುಕೊಟ್ಟವರಿಗೆಲ್ಲ ಮೂರು ದಿನದೊಳಗೆ ಒಂದು ಸಂದೇಶ ಕಳಿಸಿದೆ. ಒಂದು ತಿಂಗಳ ಮೇಲೆ ಅವರಲ್ಲೊಬ್ಬರು ಫೋನ್ ಮಾಡಿ, ಹಿಂದಿನ ಗೋಡೆಯಲ್ಲಿದ್ದ ಆ ದೊಡ್ಡ ಕಿಟಕಿ ಇನ್ನೂ ಇದೆಯಾ ಅಂತ ಕೇಳಿದರು.

ಮುಂದಿನ ಮೇಳಕ್ಕೆ ಈಗಾಗಲೇ ಅರ್ಜಿ ಹಾಕಿದ್ದೇನೆ. ಈ ಸಲ ಕಳಿಸಿದ್ದು ನಿಜವಾದ ಮೇಳದಲ್ಲಿ, ಜನ ಒಳಗೆ ಬರುವ ಮುಂಚೆ ತೆಗೆದ ಸ್ಟಾಲಿನ ಫೋಟೋ. ಅರ್ಧ ಗೋಡೆ ಖಾಲಿ ಇದೆ.